ಓಡುವ ಬುದ್ಧಿ, ಒಳಗಿರುವ ಬುದ್ಧಿ

2021ರ ಜನವರಿ 21ರ ರಾತ್ರಿ ಹತ್ತೂಕಾಲು ದಾಟಿದ ಹೊತ್ತಿಗೆ ಶಿವಮೊಗ್ಗದ ಮನೆಗಳು ಒಮ್ಮೆಲೇ ಅದುರಿದವು. ಕಿಟಕಿಯ ಗಾಜು ಒಡೆಯಿತು, ಗೋಡೆಗಳಲ್ಲಿ ಬಿರುಕು ಕಂಡಿತು. ಊರ ಹೊರಗಿನ ಹುಣಸೋಡು ಕಲ್ಲುಕ್ವಾರಿಯ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಕಾರ್ಮಿಕರು ಛಿದ್ರರಾಗಿದ್ದರು. ಆದರೆ ಅದು ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಶಿವಮೊಗ್ಗ, ಭದ್ರಾವತಿಗಳಷ್ಟೇ ಅಲ್ಲ, ಪಕ್ಕದ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಜನರೂ ಭೂಕಂಪವೆಂದೇ ನಂಬಿದರು, ಮಕ್ಕಳು ಮುದುಕರನ್ನು ಕರೆದುಕೊಂಡು ಬೀದಿಗೆ ಬಂದು ನಿಂತರು. ಭೂಕಂಪವೇ ಆಗಿದ್ದರೆ ಅಲುಗಾಟ ನಿಂತ ಮೇಲೆ ಬಯಲಿಗೆ ಬರುವುದು ಸರಿಯಾದ ಕೆಲಸ. ಕ್ವಾರಿಯ ಸ್ಫೋಟವಾದ್ದರಿಂದ ಹಾಗೆ ಬೀದಿಯಲ್ಲಿ ನಿಂತದ್ದರಿಂದ ಹಾನಿಯೇನೂ ಆಗಲಿಲ್ಲ. ಆದರೆ ಸದ್ದಿನ ಹಿಂದೆ ವಿಕಿರಣಧೂಳು ಬರುವ ಬಗೆಯ ಅಣುಸ್ಫೋಟವಾಗಿದ್ದರೆ, ಅದೇ ಜನ ಅದೇ ಬೀದಿಯಲ್ಲಿ ಆಕಾಶ ನೋಡುತ್ತಾ ನಿಂತದ್ದು ಅವರು ಮಾಡಬಹುದಾದ ಅತಿ ಕೆಟ್ಟ ಆಯ್ಕೆಯಾಗುತ್ತಿತ್ತು. ಈ ಲೇಖನದ ವಾದ ಇಷ್ಟೇ: ಆಪತ್ತು ಬಂದಾಗ ಹೊರಗೆ ಓಡಬೇಕೆಂಬ ಬುದ್ಧಿ ಈ ಸೀಮೆಗೆ ಇತಿಹಾಸ ಕಲಿಸಿದ್ದು, ಒಳಗಿರಬೇಕೆಂಬ ಬುದ್ಧಿಯನ್ನು ಕಲಿಸಬೇಕಾಗಿದ್ದದ್ದು ಸರ್ಕಾರ. ಅದು ಕಲಿಸಲಿಲ್ಲ, ಏಕೆಂದರೆ ನಮ್ಮ ಪೌರರಕ್ಷಣೆ ಶುರುವಿನಿಂದಲೂ ಶತ್ರುವಿನ ಗುರಿ ಯಾವುದೆಂದು ನೋಡಿತೇ ಹೊರತು ಗಾಳಿ ಎತ್ತ ಬೀಸುತ್ತದೆಂದು ನೋಡಲಿಲ್ಲ.

ಓಡುವ ಬುದ್ಧಿಯನ್ನು ಹಗುರಾಗಿ ಕಾಣಬಾರದು. ಅದು ಹೆದರಿಕೆಯಿಂದಷ್ಟೇ ಹುಟ್ಟಿದ್ದಲ್ಲ, ಅನುಭವದಿಂದ ಬಂದದ್ದು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರು ಸಂಸ್ಥಾನವನ್ನು ದಶಕಗಳ ಕಾಲ ಕಾಡಿತು. ಆ ದಶಕಗಳಲ್ಲಿ ಜನರಿಗೆ ಒಂದೇ ಮದ್ದು ಗಟ್ಟಿಯಾಗಿ ಗೊತ್ತಿತ್ತು: ಇಲಿ ಬಿದ್ದರೆ ಊರು ಬಿಡುವುದು. ಮನೆಗೆ ಬೀಗ ಹಾಕಿ, ಹೊಲದಲ್ಲೋ ತೋಪಿನಲ್ಲೋ ಸೋಗೆಯ ಗುಡಿಸಲು ಕಟ್ಟಿಕೊಂಡು, ರೋಗ ಇಳಿಯುವ ತನಕ ಅಲ್ಲೇ ಅಡುಗೆ, ಅಲ್ಲೇ ಹೆರಿಗೆ. ಸಂಸ್ಥಾನದ ಸರ್ಕಾರವೂ ಊರು ಖಾಲಿ ಮಾಡಿಸಿ ಬಯಲಿನಲ್ಲಿ ಶಿಬಿರ ಹಾಕಿಸುತ್ತಿತ್ತು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಇಲಿಗಳು ಸಾಯತೊಡಗಿ ಮಲೆನಾಡಿನ ಅಗ್ರಹಾರವೊಂದು ಖಾಲಿಯಾಗುವುದನ್ನು ಓದುವಾಗ ನಾವು ಅದನ್ನು ಸಂಕೇತವೆಂದು ವ್ಯಾಖ್ಯಾನಿಸುತ್ತೇವೆ. ಆ ಕಾಲದಲ್ಲಿ ಬದುಕಿದ್ದವರಿಗೆ ಅದು ಮಾಮೂಲಿನ ಆರೋಗ್ಯ ಕ್ರಮ. ಪ್ಲೇಗು ಮನೆಯೊಳಗಿನ ರೋಗ, ಗೋಡೆಯ ಬಿಲದಲ್ಲಿರುವ ಇಲಿಯ ಮೈಮೇಲಿನ ಚಿಗಟದ ರೋಗ. ಹಾಗಾಗಿ ಮನೆಯೇ ಶತ್ರು, ಬಯಲೇ ಆಸರೆ. ಬೆಂಕಿಯ ವಿಷಯದಲ್ಲೂ ಹಾಗೆಯೇ, ತುಂಗೆಯ ಪ್ರವಾಹದ ವಿಷಯದಲ್ಲೂ ಹಾಗೆಯೇ. ಎರಡು ಮೂರು ತಲೆಮಾರುಗಳಿಗೆ ಸರಿಯೆಂದು ಸಾಬೀತಾದ ಪಾಠವನ್ನು ಜನ ಬಿಡುವುದಿಲ್ಲ, ಬಿಡಬೇಕಾದ ಕಾರಣವೂ ಇರಲಿಲ್ಲ.

ಎರಡನೆಯ ಪಾಠ ಆಕಾಶದಿಂದ ಬಂತು. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ ಮೇಲೆ ದಕ್ಷಿಣ ಭಾರತದಲ್ಲಿ ಯುದ್ಧ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ. ಮದ್ರಾಸಿನಿಂದ ಜನ ಗುಳೆ ಎದ್ದರು. ಮೈಸೂರು ಸಂಸ್ಥಾನದ ಒಳನಾಡಿನಲ್ಲಿ ಶತ್ರುವಿನ ಕಣ್ಣಿಗೆ ಬೀಳಬಹುದಾಗಿದ್ದ ಜಾಗಗಳ ಪೈಕಿ ಭದ್ರಾವತಿಯೂ ಒಂದಾಗಿದ್ದಿರಬೇಕು. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರು 1923ರ ಜನವರಿಯಿಂದ ಹೆಸರಿಗೆ ತಕ್ಕಂತೆ ಉರಿಯತೊಡಗಿತ್ತು: ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಅದಿರು ಕರಗಿಸುವ ಕುಲುಮೆ. 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಕಾಗದ ಎಲ್ಲವೂ ಸೇರಿಕೊಂಡವು. ಆ ಕಾಲದ ವಾಯುದಾಳಿ ರಕ್ಷಣೆಯ ತರ್ಕ ಸರಳ: ದೀಪ ಆರಿಸು, ಸೈರನ್ ಕೇಳಿದರೆ ಕಂದಕಕ್ಕಿಳಿ, ವಿಮಾನ ಹೋದ ಮೇಲೆ ಎದ್ದು ಬೆಂಕಿ ಆರಿಸು, ಗಾಯಾಳುವನ್ನು ಎತ್ತು. ಕುಲುಮೆಯ ಊರಿಗೆ ಇದರಲ್ಲೊಂದು ಕೀಟಲೆಯಿದೆ, ಏಕೆಂದರೆ ಊದುಕುಲುಮೆಯನ್ನು ದೀಪದಂತೆ ಆರಿಸಲಾಗದು, ರಾತ್ರಿ ಕಿಟ್ಟ ಸುರಿದಾಗ ಆಕಾಶವೇ ಕೆಂಪಾಗುತ್ತದೆ. ಅದಿರಲಿ. ಈ ತರ್ಕದ ಅಡಿಪಾಯವನ್ನು ಗಮನಿಸಬೇಕು. ಆಪತ್ತು ಗುರಿಯ ಮೇಲೆ ಬೀಳುತ್ತದೆ, ಕೆಲವು ನಿಮಿಷ ಇರುತ್ತದೆ, ಮುಗಿಯುತ್ತದೆ. ಗುರಿಯಿಲ್ಲದ ಊರಿಗೆ ಭಯವಿಲ್ಲ. ಭದ್ರಾವತಿಗೆ ಕಾವಲು ಬೇಕು, ಇಪ್ಪತ್ತು ಕಿಲೋಮೀಟರಿನೊಳಗಿರುವ ಶಿವಮೊಗ್ಗಕ್ಕೆ ಅಷ್ಟಾಗಿ ಬೇಡ.

ಈ ಲೆಕ್ಕ ಕೆಟ್ಟದ್ದು 1954ರ ಮಾರ್ಚ್ 1ರಂದು. ಅಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬು ಹವಳವನ್ನೇ ಪುಡಿ ಮಾಡಿ ಮೇಲಕ್ಕೆತ್ತಿತು. ಕೆಲವು ಗಂಟೆಗಳ ಮೇಲೆ ನೂರೈವತ್ತು ಕಿಲೋಮೀಟರಿಗೂ ದೂರದ ರೋಂಗೆಲಾಪ್ ದ್ವೀಪದ ಮೇಲೆ ಬಿಳಿಯ ಪುಡಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ. ಅದೇ ಪುಡಿ ಬಿದ್ದ ಜಪಾನೀ ಮೀನುಗಾರಿಕೆ ದೋಣಿಯೊಂದರ 23 ಮಂದಿ ಕಾಯಿಲೆ ಬಿದ್ದು, ಒಬ್ಬರು ಆ ವರ್ಷವೇ ತೀರಿಕೊಂಡರು. ಹಿರೋಶಿಮಾದ ಬಾಂಬು ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದಿದ್ದರಿಂದ ಇಂಥ ಧೂಳು ಅಲ್ಲಿ ಕಡಿಮೆಯಿತ್ತು. ನೆಲಮಟ್ಟದಲ್ಲಿ ಸಿಡಿದರೆ ಮಣ್ಣೇ ವಿಷವಾಗಿ ಗಾಳಿಯ ಜೊತೆ ಹೊರಡುತ್ತದೆ ಎಂಬುದು ಜಗತ್ತಿಗೆ ಕಣ್ಣಾರೆ ತಿಳಿದದ್ದು ಆಗಲೇ. ಭಾರತಕ್ಕೆ ಇದು ತಿಳಿಯದೆ ಹೋಗಲಿಲ್ಲ. ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕರೆಕೊಟ್ಟರು. ಅವರ ಸೂಚನೆಯಂತೆ ಡಿ.ಎಸ್. ಕೊಠಾರಿಯವರ ಮುಂದಾಳುತನದಲ್ಲಿ ಅಣು ಸ್ಫೋಟಗಳ ಪರಿಣಾಮದ ಬಗ್ಗೆ ಒಂದು ಗ್ರಂಥವೇ ಸಿದ್ಧವಾಗಿ, 1956ರಲ್ಲಿ ಸರ್ಕಾರದ ಪ್ರಕಟಣಾ ವಿಭಾಗದಿಂದ ಹೊರಬಂತು. ಮರುವರ್ಷ ನಾಗಪುರದಲ್ಲಿ ತುರ್ತು ಪರಿಹಾರದ ತರಬೇತಿ ಸಂಸ್ಥೆ ಶುರುವಾಯಿತು. ದೆಹಲಿಗೆ ಗೊತ್ತಿದ್ದ ವಿಜ್ಞಾನ ನಾಗಪುರದ ತನಕ ಬಂತು. ಅಲ್ಲಿಂದ ಮುಂದೆ ಶಿವಮೊಗ್ಗದ ದುರ್ಗಿಗುಡಿಗೋ ಭದ್ರಾವತಿಯ ನ್ಯೂಟೌನಿಗೋ ಅದು ಬರಲಿಲ್ಲ.

ಬರದಿರುವುದಕ್ಕೆ ಕಾರಣ ಕಾನೂನಿನ ರಚನೆಯಲ್ಲೇ ಇದೆ. ಚೀನಾ ಯುದ್ಧ, ಪಾಕಿಸ್ತಾನ ಯುದ್ಧಗಳ ಬಿಸಿಯಲ್ಲಿ ಬೆಳೆದು 1968ರಲ್ಲಿ ಕಾಯಿದೆಯಾದ ಪೌರರಕ್ಷಣೆ, ಎಲ್ಲಿ ಗಡಿ, ಎಲ್ಲಿ ಬಂದರು, ಎಲ್ಲಿ ಸ್ಥಾವರ ಎಂದು ನೋಡಿ ಊರುಗಳನ್ನು ಆರಿಸಿ ದರ್ಜೆ ಕೊಟ್ಟಿತು. ಅದು 1942ರ ತರ್ಕದ ಮುಂದುವರಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ದೇಶದ 244 ಪೌರರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆಗೆ ಆದೇಶಿಸಿದಾಗ ಕರ್ನಾಟಕದ ಪಾಲಿಗೆ ಬಂದ ಹೆಸರುಗಳು ಬೆಂಗಳೂರು, ಕಾರವಾರ, ರಾಯಚೂರು. ರಾಜಧಾನಿ, ಕೈಗಾ ಅಣುಸ್ಥಾವರ ಮತ್ತು ನೌಕಾನೆಲೆ, ಶಾಖೋತ್ಪನ್ನ ವಿದ್ಯುತ್ ಸ್ಥಾವರ: ಒಂದೊಂದು ಹೆಸರಿನ ಹಿಂದೆಯೂ ಒಂದು ಗುರಿಯಿದೆ. ಅಷ್ಟರಲ್ಲಿ ಭದ್ರಾವತಿ ಗುರಿಯಾಗುವ ಯೋಗ್ಯತೆಯನ್ನೂ ಕಳೆದುಕೊಂಡಿತ್ತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತ್ತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ, ಅದು ಶುರುವಾಗಿ ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಗುರಿಯ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆ ಪಟ್ಟಿಯ ಹೊರಗಿರುವುದು ತಪ್ಪೆನ್ನಲಾಗದು. ತಪ್ಪಿರುವುದು ಲೆಕ್ಕದಲ್ಲೇ. ಗುರಿಯಾದ ಊರಿನ ನಡುವಿನಲ್ಲಿ ಇರುವವರಿಗೆ ಯಾವ ತಾಲೀಮಿನಿಂದಲೂ ಹೆಚ್ಚು ಉಪಯೋಗವಿಲ್ಲ. ತಾಲೀಮಿನಿಂದ ಜೀವ ಉಳಿಯುವುದು ಗುರಿಯಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಗಾಳಿಯ ಹಾದಿಯಲ್ಲಿ ಇರುವವರದು, ಅಂದರೆ ಪಟ್ಟಿಯಲ್ಲಿ ಇಲ್ಲದವರದು.

ಇದು ಏಕೆಂದು ತಿಳಿಯಲು ಆ ಧೂಳಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಬಾಂಬಿನ ವಿಕಿರಣಧೂಳು ಮೊದಲಲ್ಲಿ ಭಯಂಕರ, ಆದರೆ ಬೇಗ ಇಳಿಯುವಂಥದ್ದು. ಕಾಲ ಏಳು ಪಟ್ಟು ಸರಿದರೆ ತೀವ್ರತೆ ಹತ್ತರಲ್ಲೊಂದು ಪಾಲಿಗೆ ಬರುತ್ತದೆಂಬುದು ವಿಜ್ಞಾನಿಗಳ ಸ್ಥೂಲ ಸೂತ್ರ. ಸ್ಫೋಟವಾಗಿ ಒಂದು ಗಂಟೆಗೆ 1000 ಇದ್ದದ್ದು ಏಳನೆಯ ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಹೀಗಾಗಿ ಮೊದಲ ಎರಡು ದಿನ ಎಲ್ಲಿದ್ದೆವು ಎಂಬುದೇ ಬಹುಪಾಲು ತೀರ್ಮಾನ ಮಾಡಿಬಿಡುತ್ತದೆ. ಎರಡನೆಯದು ತೂಕ. ಆ ಧೂಳಿನಿಂದ ಹೊರಡುವ ಗಾಮಾ ಕಿರಣವನ್ನು ಅರ್ಧಕ್ಕಿಳಿಸಲು ಸುಮಾರು 6 ಸೆಂಟಿಮೀಟರ್ ಕಾಂಕ್ರೀಟು ಬೇಕು, ಅಥವಾ 9 ಸೆಂಟಿಮೀಟರ್ ಒತ್ತಿದ ಮಣ್ಣು. ಹಾಗಾದರೆ ಮಲೆನಾಡಿನ ಹಳೆಯ ಮನೆಯ ಒಂದೂವರೆ ಅಡಿ ಮಣ್ಣಿನ ಗೋಡೆ ಐದು ಸಲ ಅರ್ಧ ಮಾಡುತ್ತದೆ, ಮೂವತ್ತೆರಡರಲ್ಲೊಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಅಜ್ಜಂದಿರು ಸೆಖೆ ಚಳಿಗಳಿಗೆಂದು ಕಟ್ಟಿದ ಗೋಡೆ ಇದಕ್ಕೂ ಒದಗುತ್ತದೆ. ಆದರೆ ಅದೇ ಮನೆಯ ತಲೆಯ ಮೇಲೆ ಮಂಗಳೂರು ಹೆಂಚು, ಬೆರಳು ದಪ್ಪದ್ದು. ಧೂಳು ಬಿದ್ದು ಕೂರುವುದು ಅಲ್ಲೇ. ಅಟ್ಟದ ಮೇಲೆ ಭತ್ತದ ಮೂಟೆ ಒತ್ತೊತ್ತಾಗಿ ಹರವಿದ್ದರೆ ಮೇಲಿನಿಂದ ಬರುವುದು ಅರ್ಧದಷ್ಟು ಇಳಿಯಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಪದಾರ್ಥ ಯಾವುದೆಂಬುದಕ್ಕಿಂತ ಅದರ ಭಾರ. ಶಿವಮೊಗ್ಗದ ವಿನೋಬನಗರದ ಎರಡಂತಸ್ತಿನ ತಾರಸಿ ಮನೆಯ ಕಥೆ ತಿರುಗುಮುರುಗು: ಗೋಡೆ ತೆಳು, ತಾರಸಿ ಗಟ್ಟಿ. ಎರಡು ತಾರಸಿಗಳ ಕೆಳಗೆ, ನೆಲಮಹಡಿಯ ನಡುಕೋಣೆಯಲ್ಲಿ ಕೂತವರಿಗೆ ಮೇಲಿನಿಂದ ಬರುವುದು ಹದಿನಾರರಲ್ಲೊಂದು ಪಾಲಿನ ಆಸುಪಾಸು. ಬಯಲುಸೀಮೆಯ ಕಡೆಯ ಹಗೇವು ನೆನಪಾಗಿ, ನೆಲದಡಿಯ ಆ ಕಾಳಿನ ಗುಂಡಿಯೇ ಸರಿಯಾದ ಅಡಗುದಾಣ ಅಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಬೇಡ. ಹಗೇವಿನಲ್ಲಿ ಕಟ್ಟಿಕೊಂಡ ಕೆಟ್ಟ ಗಾಳಿಗೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೆ ಯಾವ ಬಾಂಬೂ ಬೇಕಾಗಲಿಲ್ಲ.

ಇಲ್ಲೇ ಒಂದು ಅಹಿತಕರ ಮಾತು ಎದುರಾಗುತ್ತದೆ. ಗೋಡೆಯ ದಪ್ಪ ಆಸ್ತಿಗೆ ತಕ್ಕಂತೆ ಇರುತ್ತದೆ. ತಗಡಿನ ಸೂರು, ಶೀಟಿನ ಮಾಡು, ತುಂಗೆಯ ದಡದ ಗುಡಿಸಲು, ಇವುಗಳಲ್ಲಿರುವವರಿಗೆ ‘ಮನೆಯೊಳಗಿರಿ’ ಎಂಬ ಸಲಹೆ ಬರಿ ಮಾತು. 1960ರ ದಶಕದ ಅಮೆರಿಕದಲ್ಲಿ ಹಿತ್ತಲಿನ ಅಡಗುದಾಣಗಳ ಗೀಳು ಎದ್ದಾಗಲೂ ಇದೇ ತಕರಾರು ಬಂದಿತ್ತು. ಸ್ವಿಟ್ಜರ್ಲೆಂಡ್ 1963ರಲ್ಲಿ ಕಾನೂನು ಮಾಡಿ ಅಡಗುದಾಣವನ್ನು ಕಟ್ಟಡ ಕಟ್ಟುವವರ ಹೊಣೆಯಾಗಿಸಿತು. ಅದು ಸಿರಿವಂತ ದೇಶದ ದಾರಿ. ನಮ್ಮ ಎರಡು ಊರುಗಳಲ್ಲಿ ಆಗಬಹುದಾದದ್ದು ಬೇರೆ: ಕಾಲೇಜು, ತಾಲ್ಲೂಕು ಕಚೇರಿ, ಕಲ್ಯಾಣಮಂಟಪಗಳ ತಳಮಹಡಿ, ಬ್ಯಾಂಕಿನ ಹಳೆಯ ಕಟ್ಟಡ, ಇವುಗಳ ಪೈಕಿ ಯಾವುದರ ಬಾಗಿಲನ್ನು ಯಾವ ಬೀದಿಯವರಿಗೆ ತೆರೆಯಬೇಕೆಂದು ಮೊದಲೇ ಬರೆದಿಡುವುದು. ಪ್ರವಾಹ ಬಂದಾಗ ಗಂಜಿಕೇಂದ್ರ ತೆರೆಯುವ ಆಡಳಿತಕ್ಕೆ ಇದು ಹೊಸ ವಿದ್ಯೆಯೇನಲ್ಲ. ಭದ್ರಾವತಿಯ ಖಾಲಿ ಕಾರ್ಖಾನೆಗಳನ್ನು ಬಳಸಿಕೊಳ್ಳಬಹುದಲ್ಲ ಎನ್ನುವವರು ಅವುಗಳ ಮಾಡನ್ನು ಒಮ್ಮೆ ನೋಡಬೇಕು: ಅಷ್ಟಗಲದ ತಗಡು ಧೂಳು ಹೊರಲು ಸಾಕು, ಜನರನ್ನು ಕಾಯಲು ಸಾಲದು.

ಬಾಂಬಿನ ಮಾತಾಡುವಾಗ ಕೈಗಾ ನಡುವೆ ಬಂದೇ ಬರುತ್ತದೆ, ಬರಬೇಕು ಕೂಡ, ಆದರೆ ಎರಡನ್ನೂ ಕಲಸಬಾರದು. ಕೈಗಾದಿಂದ ಶಿವಮೊಗ್ಗಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 160 ಕಿಲೋಮೀಟರ್. ಸ್ಥಾವರದ ಸುತ್ತ 16 ಕಿಲೋಮೀಟರ್ ಮಾತ್ರ ತುರ್ತು ಯೋಜನೆಯ ವಲಯ. ರಿಯಾಕ್ಟರು ಬಾಂಬಿನಂತೆ ಸಿಡಿಯುವುದಿಲ್ಲ. ಕೆಟ್ಟರೆ ಅದು ಬಿಡುವ ವಿಷ ಮೊದಲ ದಿನ ಬಾಂಬಿನ ಧೂಳಿನಷ್ಟು ಉಗ್ರವಲ್ಲ, ಆದರೆ ಅಷ್ಟು ಬೇಗ ಇಳಿಯುವುದೂ ಇಲ್ಲ. ಏಳು-ಹತ್ತರ ಸೂತ್ರ ಅಲ್ಲಿ ನಡೆಯದು. 1986ರ ಚೆರ್ನೋಬಿಲ್ ಕಲಿಸಿದ ಪಾಠ ಹಾಲಿನದು: ಹುಲ್ಲಿನ ಮೇಲೆ ಬಿದ್ದ ಅಯೋಡಿನ್ ಹಸುವಿನ ಕೆಚ್ಚಲಿಗೆ, ಅಲ್ಲಿಂದ ಮಕ್ಕಳ ಗಂಟಲಿನ ಗ್ರಂಥಿಗೆ. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಹಾಗಾಗಿ ದನವನ್ನು ಕಟ್ಟಿ ಹಾಕಿ, ಬಣವೆಯ ಹೊರಪದರ ತೆಗೆದು ಒಳಗಿನ ಒಣಹುಲ್ಲು ಹಾಕುವ ರೈತ, ಬಯಲಿಗೆ ಬಿಟ್ಟು ಮೇಯಿಸುವವನಿಗಿಂತ ಮಕ್ಕಳನ್ನು ಚೆನ್ನಾಗಿ ಕಾಯುತ್ತಾನೆ. ಮುಚ್ಚಿದ ಬಾವಿ, ಕೊಳವೆಬಾವಿಗಳ ನೀರು ತೆರೆದ ಕೆರೆಯ ನೀರಿಗಿಂತ ಮೇಲು. ಆಷಾಢದ ಮಳೆ ಗಾಳಿಯಲ್ಲಿದ್ದುದನ್ನೆಲ್ಲ ತೊಳೆದು ಒಂದೆಡೆ ಸುರಿಯುತ್ತದೆ, ಅದೇ ಮಳೆ ಇಳಿಜಾರಿನ ಹೆಂಚನ್ನೂ ತೊಳೆಯುತ್ತದೆ. ಎಲ್ಲಿ ಸುರಿದೀತು ಎಂಬುದೇ ಅದೃಷ್ಟ. ಬಾಂಬಿರಲಿ, ಸ್ಥಾವರವಿರಲಿ, ಈ ಸಣ್ಣ ತಿಳಿವಳಿಕೆಗಳೆಲ್ಲ ಎರಡಕ್ಕೂ ಸಲ್ಲುತ್ತವೆ. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಣು ಮತ್ತು ವಿಕಿರಣ ತುರ್ತುಸ್ಥಿತಿಗಳಿಗೆಂದು ಮಾರ್ಗಸೂಚಿ ಹೊರಡಿಸಿತು. ಅದನ್ನು ಬಣವೆಯ ಭಾಷೆಗೆ ಇಳಿಸುವ ಕೆಲಸ ಉಳಿದುಕೊಂಡಿತು.

ಇದೆಲ್ಲ ವ್ಯರ್ಥ, ಅಣುಯುದ್ಧವೆಂದರೆ ಎಲ್ಲರೂ ಸತ್ತಂತೆಯೇ ಎಂಬುದು ಸಾಮಾನ್ಯ ಉತ್ತರ. ಇದು ದೊಡ್ಡ ಮನಸ್ಸಿನ ಮಾತಿನಂತೆ ಕೇಳಿಸುತ್ತದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಬೆಂಗಳೂರಿನ ನಡುವಿನಲ್ಲಿ ಇರುವವನಿಗೆ ಅದು ನಿಜವಾಗಬಹುದು. ಗಾಳಿಗೆ ಸಿಕ್ಕ ದೂರದ ಊರಿನವನಿಗೆ ಸಾವು ಬದುಕಿನ ನಡುವೆ ಇರುವುದು ನಲವತ್ತೆಂಟು ಗಂಟೆ ಮತ್ತು ಒಂದು ಗೋಡೆ. ರೋಂಗೆಲಾಪಿನ ಜನ ಮೊದಲ ಎರಡು ದಿನ ತಮ್ಮ ತೆಳ್ಳನೆಯ ಗುಡಿಸಲುಗಳಲ್ಲಿ, ಯಾರ ಎಚ್ಚರಿಕೆಯೂ ಇಲ್ಲದೆ ಇದ್ದದ್ದರಿಂದಲೇ ಅಷ್ಟು ನರಳಿದರು. ಎರಡನೆಯ ತಕರಾರು ಇದಕ್ಕಿಂತ ಗಟ್ಟಿ. ಅಡಗಿ ಬದುಕಬಹುದು ಎಂದು ಜನರಿಗೆ ಕಲಿಸಿದರೆ ಯುದ್ಧ ಮಾಡುವವರಿಗೆ ಧೈರ್ಯ ಬರುತ್ತದೆ, ಪೌರರಕ್ಷಣೆಯೆಂದರೆ ಅಣ್ವಸ್ತ್ರಕ್ಕೆ ಪರೋಕ್ಷ ಒಪ್ಪಿಗೆ ಎಂಬುದು ಶಾಂತಿ ಚಳವಳಿಗಳ ವಾದ. 1980ರಲ್ಲಿ ಬ್ರಿಟನ್ ಸರ್ಕಾರ ಬದುಕುಳಿಯುವ ಕೈಪಿಡಿ ಪ್ರಕಟಿಸಿದಾಗ ಅಲ್ಲಿನ ಜನ ನಕ್ಕದ್ದೂ ಸಿಟ್ಟಾದದ್ದೂ ಇದಕ್ಕೇ. ಕರ್ನಾಟಕದಲ್ಲಿ ಕೈಗಾ ವಿರೋಧದ ಮುಂಚೂಣಿಯಲ್ಲಿದ್ದು, 1989ರಲ್ಲಿ ಅದಕ್ಕಾಗಿಯೇ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತ ಶಿವರಾಮ ಕಾರಂತರ ನಿಲುವಿನ ನೈತಿಕ ಬಲವೂ ಇದೇ ಕಡೆಯದು: ಆಪತ್ತನ್ನು ತಂದಿಟ್ಟು ಆಮೇಲೆ ಛತ್ರಿ ಹಂಚಬೇಡಿ. ಈ ವಾದವನ್ನು ಪೂರ್ತಿ ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ಬಾಂಬು ಬೇಡವೆನ್ನುವವನ ಮಗುವೂ ಗಾಳಿಯ ಹಾದಿಯಲ್ಲೇ ಇದೆ. ಅಲ್ಲದೆ ನಡುಕೋಣೆಯ ಲೆಕ್ಕ ಕಲಿತವನಿಗೆ ಅಣುಯುದ್ಧ ಹಗುರವೆನಿಸುವುದಿಲ್ಲ. ಎರಡು ವಾರ ಬಾಗಿಲು ಮುಚ್ಚಿ ಕೂರುವುದೆಂದರೆ ಏನು, ನೀರು ಎಷ್ಟು, ಕಕ್ಕಸು ಎಲ್ಲಿ, ಕೊಟ್ಟಿಗೆಯ ದನದ ಗತಿಯೇನು ಎಂದು ಯೋಚಿಸಿದವನಿಗೇ ಅದು ಎಂಥ ಹುಚ್ಚೆಂದು ಹೊಳೆಯುವುದು. ಕೊಠಾರಿಯವರ ಗ್ರಂಥವನ್ನು ಬರೆಸಿದವರೂ ಪರೀಕ್ಷೆ ನಿಲ್ಲಿಸಿ ಎಂದವರೂ ಒಬ್ಬರೇ.

ಹಸಿವು, ಮಂಗನ ಕಾಯಿಲೆ, ಮುಚ್ಚಿದ ಕಾರ್ಖಾನೆಗಳಿರುವ ಜಿಲ್ಲೆಗೆ ಇದು ಮೊದಲ ಅಗತ್ಯವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಮೊದಲ ಅಗತ್ಯವಲ್ಲ. ಆದರೆ ಇದಕ್ಕೆ ಬೇಕಾದ ಖರ್ಚು ಒಂದು ಸಣ್ಣ ಸೇತುವೆಯದ್ದೂ ಅಲ್ಲ. ಗೃಹರಕ್ಷಕ ದಳ ಇದೆ. ಶಾಲೆಗಳಿವೆ. ಭದ್ರಾವತಿಯಲ್ಲಿ 1960ರ ದಶಕದಿಂದ ಆಕಾಶವಾಣಿ ಕೇಂದ್ರವಿದೆ. ‘ಆಕಾಶವಾಣಿ ಭದ್ರಾವತಿ’ ಎಂಬ ಆ ಎರಡು ಪದಗಳನ್ನು ಅಡಿಕೆ ಸುಲಿಯುವ ಅಂಗಳದಿಂದ ಗದ್ದೆಯ ಬದುವಿನ ತನಕ ಗುರುತಿಸದ ಕಿವಿಗಳು ಈ ಸೀಮೆಯಲ್ಲಿ ಕಡಿಮೆ. ಮೊಬೈಲ್ ಜಾಲ ಕುಸಿದಾಗ, ಕರೆಂಟು ಹೋದಾಗ, ಎರಡು ಸೆಲ್ಲಿನ ರೇಡಿಯೊ ಕೆಲಸ ಮಾಡುತ್ತದೆ. ಬಾಗಿಲು ಮುಚ್ಚಿ ಕೂತವರಿಗೆ ಬೇಕಾದ ಮುಖ್ಯ ಸಲಕರಣೆ ಅದೇ, ಏಕೆಂದರೆ ಒಳಗೆ ಹೋಗುವುದಕ್ಕೆ ಸ್ವಂತ ಬುದ್ಧಿ ಸಾಕು, ಹೊರಗೆ ಯಾವಾಗ ಬರಬೇಕೆಂಬುದನ್ನು ಅಳೆದು ನೋಡಿದವರೇ ಹೇಳಬೇಕು. ಧೂಳಿಗೆ ಬಣ್ಣವಿಲ್ಲದಿರಬಹುದು, ವಾಸನೆಯಂತೂ ಇಲ್ಲ. ಪ್ಲೇಗಿನ ಕಾಲದಲ್ಲಿ ಬಿದ್ದ ಇಲಿಯೇ ಸೂಚನೆಯಾಗಿತ್ತು, ಯಾರೂ ಬಂದು ಹೇಳಬೇಕಾಗಿರಲಿಲ್ಲ. ಹುಣಸೋಡಿನ ರಾತ್ರಿ ಬೀದಿಯಲ್ಲಿ ನಿಂತವರ ಕೈಯಲ್ಲಿ ಫೋನುಗಳಿದ್ದವು. ಹರಿದಾಡಿದ್ದು ಭೂಕಂಪದ ಮಾತು. ಅವರು ಒಬ್ಬರನ್ನೊಬ್ಬರು ಕೇಳಿಕೊಂಡರು, ಚಳಿ ಹೆಚ್ಚಾದ ಮೇಲೆ ತಾವಾಗಿಯೇ ಒಳಗೆ ಹೋದರು.